ಲಿಯೋನ್‌ನಿಂದ ಮಾರ್ಸೇಗೆ ಕಂಪನಿ ವಿಳಾಸ: ದುಡ್ಡು ಕೊಟ್ಟು ಮಾಡಿಸಿದ ಸೇವೆ ಹೇಗಿತ್ತು?

ಫ್ರಾನ್ಸಿನಲ್ಲಿರುವ ಸಣ್ಣ ಕಂಪನಿಯ ನೋಂದಾಯಿತ ಕಚೇರಿಯ ವಿಳಾಸ ಬದಲಿಸಬೇಕು. ಅದಕ್ಕೆ ಆನ್‌ಲೈನ್ ಸೇವೆಯವರಿಗೆ ದುಡ್ಡು ಕೊಡಬೇಕಾ, ನಾವೇ ಮಾಡಿಕೊಳ್ಳಬಹುದಾ? ಒಂದೇ ಊರಿನೊಳಗೆ ಬೀದಿ ಮಾತ್ರ ಬದಲಾಗುವುದಾದರೆ ನೀವೇ ಮಾಡಿ. ಬೇರೆ ವ್ಯಾಪಾರ ನ್ಯಾಯಾಲಯದ ವ್ಯಾಪ್ತಿಗೆ ಹೋಗುವುದಾದರೆ ದುಡ್ಡು ಕೊಡಿ, ದಂಡವಾಗಲ್ಲ. ಅಲ್ಲಿ ಯಾರೋ ಒಬ್ಬರು ಕೂತು ನಿಮ್ಮ ಕಾಗದಗಳನ್ನು ಸಾಲು ಸಾಲಾಗಿ ಓದುತ್ತಾರೆ. ಆ ಓದಿಗೇ ಬೆಲೆ. ಫಾರ್ಮ್ ತುಂಬುವುದು ಯಾರಿಗಾದರೂ ಬರುತ್ತದೆ.

ನಮ್ಮದು ಕಾಳುಮೆಣಸಿನ ವ್ಯವಹಾರ. ಸಾಗರ, ಹೊಸನಗರ ಕಡೆಯ ಅಡಿಕೆ ತೋಟಗಳಿಂದ ಮೆಣಸು ಕೊಳ್ಳುತ್ತೇವೆ. ಒಣಗಿಸಿ, ಜರಡಿ ಹಿಡಿದು, ಆರಿಸಿ, ಶಿವಮೊಗ್ಗದಲ್ಲಿ ಸಣ್ಣ ಪೊಟ್ಟಣ ಮಾಡುತ್ತೇವೆ. ಫ್ರಾನ್ಸಿನಲ್ಲಿ ಮಾರುವುದು ಅಕ್ಕನ ಮಗ. ಅವನು ಲಿಯೋನ್‌ನಲ್ಲಿ ಎಸ್‌ಎಆರ್‌ಎಲ್ ಮಾದರಿಯ ಕಂಪನಿ ಮಾಡಿಕೊಂಡಿದ್ದಾನೆ. ನಮ್ಮ ಪ್ರೈವೇಟ್ ಲಿಮಿಟೆಡ್‌ಗೆ ಹತ್ತಿರದ್ದು ಅಂದುಕೊಳ್ಳಿ. ಅವನು ವ್ಯವಸ್ಥಾಪಕ, ನಾನು ಪಾಲುದಾರಳು. ಲೆಕ್ಕಪತ್ರ ನೋಡುವುದು ನಾನೇ, ವಿನೋಬನಗರದ ಮನೆಯಲ್ಲಿ ಕೂತು.

ಕಂಪನಿ ಶುರುವಾದಾಗ ವಿಳಾಸ ಅವನ ಬಾಡಿಗೆ ಮನೆಯದ್ದು. ಬಾಡಿಗೆ ಕರಾರಿನಲ್ಲಿ ವ್ಯಾಪಾರಕ್ಕೆ ಅವಕಾಶ ಇರಲಿಲ್ಲ. ಆದರೂ ಫ್ರಾನ್ಸಿನ ವಾಣಿಜ್ಯ ಕಾನೂನು ಒಂದು ದಾರಿ ಬಿಟ್ಟಿದೆ. ಮನೆ ಮಾಲೀಕರಿಗೆ ಮುಂಚೆಯೇ ಬರೆದು ತಿಳಿಸಿದರೆ, ಕಂಪನಿ ನಡೆಸುವವನು ತನ್ನ ಮನೆಯನ್ನೇ ಕಚೇರಿ ಅಂತ ತೋರಿಸಬಹುದು. ಕರಾರು ಅಡ್ಡ ಬರುವುದಾದರೆ ಇದಕ್ಕೆ 5 ವರ್ಷದ ಮಿತಿ. ಗಡುವು ಮುಗಿಯುವುದರೊಳಗೆ ಬೇರೆ ಜಾಗದ ಪುರಾವೆ ಕೊಡದಿದ್ದರೆ ನೋಂದಣಿ ರದ್ದಾಗಬಹುದು. ನಮ್ಮ ಗಡುವು ಹತ್ತಿರ ಬಂದಿತ್ತು. ಮೆಣಸು ಇಳಿಯುವುದು ಮಾರ್ಸೇ ಬಂದರಿನ ಫೋಸ್‌ನಲ್ಲಿ, ಗೋದಾಮೂ ಅಲ್ಲೇ ಹತ್ತಿರ. "ಚಿಕ್ಕಮ್ಮಾ, ಹೇಗೂ ಬದಲಿಸಬೇಕಲ್ಲ, ಮಾರ್ಸೇಗೇ ಹಾಕಿಬಿಡೋಣ" ಅಂದ. ನನಗೂ ಸರಿ ಅನ್ನಿಸಿತು.

ಅಲ್ಲಿಗೆ ಕೆಲಸ ಸ್ವಲ್ಪ ದೊಡ್ಡದಾಯಿತು. ಲಿಯೋನ್ ಇರುವುದು ರೋನ್ ಜಿಲ್ಲೆಯಲ್ಲಿ. ಮಾರ್ಸೇ ಇರುವುದು ಬೂಶ್ ದ್ಯು ರೋನ್ ಜಿಲ್ಲೆಯಲ್ಲಿ. ಎರಡಕ್ಕೂ ಬೇರೆ ಬೇರೆ ನ್ಯಾಯಾಲಯದ ನೋಂದಣಿ ಕಚೇರಿ. ಅದಕ್ಕೆ ಅವರು ಗ್ರೆಫ್ ಅನ್ನುತ್ತಾರೆ. ಹೀಗೆ ವ್ಯಾಪ್ತಿ ದಾಟುವಾಗ ಪತ್ರಿಕೆಯಲ್ಲಿ ಎರಡು ಕಾನೂನು ಪ್ರಕಟಣೆ ಹಾಕಿಸಬೇಕು, ಹಳೆಯ ಜಿಲ್ಲೆಗೊಂದು, ಹೊಸ ಜಿಲ್ಲೆಗೊಂದು. ಆಯಾ ಜಿಲ್ಲೆಯಲ್ಲಿ ಮಾನ್ಯತೆ ಇರುವ ಪತ್ರಿಕೆಯೇ ಆಗಬೇಕು. ಜೊತೆಗೆ ಕಂಪನಿಯ ಹಿಂದಿನ ವಿಳಾಸಗಳ ಪಟ್ಟಿ, ಯಾವ ಗ್ರೆಫ್‌ನಲ್ಲಿ ಕಾಗದ ಇದೆ ಅನ್ನುವುದರ ಸಮೇತ. ಸಭೆಯ ನಿರ್ಣಯ, ತಿದ್ದಿದ ನಿಯಮಾವಳಿ, ಹೊಸ ಜಾಗದ ಪುರಾವೆ ಇವೆಲ್ಲ ಹೇಗೂ ಇದ್ದೇ ಇವೆ. ಬದಲಾವಣೆಯಾದ ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು.

ಅರ್ಜಿ ಹಾಕುವ ಜಾಗ ಮಾತ್ರ ಈಗ ಒಂದೇ. 2023ರ ಜನವರಿ 1ರಿಂದ ಎಲ್ಲವೂ ಇನ್‌ಪಿ ಸಂಸ್ಥೆ ನಡೆಸುವ ಸರ್ಕಾರಿ ಪೋರ್ಟಲ್‌ನಲ್ಲಿ. ಹೆಸರು ಗಿಶೆ ಯುನಿಕ್. ನಾನು ಅದನ್ನು ತೆರೆದು ಪೂರ್ತಿ ನೋಡಿದೆ. ಫ್ರೆಂಚ್‌ನಲ್ಲಿದೆ, ನಿಜ. ಆದರೆ ಪುಟದಿಂದ ಪುಟಕ್ಕೆ ಏನು ಕೇಳುತ್ತಿದ್ದಾರೆ ಅನ್ನುವುದು ಸ್ಪಷ್ಟವಾಗಿದೆ. ವಿಳಾಸ ಅದೇ ಗ್ರೆಫ್‌ನೊಳಗೆ ಇದ್ದಿದ್ದರೆ ಅಕ್ಕನ ಮಗನನ್ನು ಫೋನಿನಲ್ಲಿ ಕೂರಿಸಿಕೊಂಡು ನಾವಿಬ್ಬರೇ ಮುಗಿಸುತ್ತಿದ್ದೆವು. ಪೋರ್ಟಲ್ ತನ್ನ ಪಾಲಿಗೆ ಸೇವಾಶುಲ್ಕ ಕೇಳುವುದಿಲ್ಲ. ಗ್ರೆಫ್‌ನ ಕಾನೂನು ಶುಲ್ಕ ಮಾತ್ರ ಕಟ್ಟಬೇಕು.

ವ್ಯಾಪ್ತಿ ದಾಟುತ್ತಿದ್ದೇವೆ, ಗಡುವೂ ಹತ್ತಿರ ಇದೆ ಅಂತ ನಾವು ಖಾಸಗಿ ಸೇವೆಗೆ ಹೋದೆವು. ಹೆಸರು ಬರೆಯುವುದಿಲ್ಲ. ಈ ಥರದ ಸೇವೆಗಳು ಅಲ್ಲಿ ಬೇಕಾದಷ್ಟಿವೆ.

ಮೊದಲು ಮೆಚ್ಚಿದ್ದು ಹೇಳುತ್ತೇನೆ. ಕಾಗದ ಎಲ್ಲ ಏರಿಸಿದ ಮೇಲೆ ಅಲ್ಲಿನ ಒಬ್ಬ ಹೆಣ್ಣುಮಗಳು ನಮ್ಮ ಕಡತ ತೆಗೆದುಕೊಂಡರು. ಅವರು ಎರಡು ಕಡೆ ಬೆರಳಿಟ್ಟು ತೋರಿಸಿದರು. ಒಂದು, ಮಾರ್ಸೇಯಲ್ಲಿ ನಮಗೆ ವಿಳಾಸ ಕೊಟ್ಟ ಕಚೇರಿಯ ಕರಾರಿನಲ್ಲಿ ಕಟ್ಟಡದ ಸಂಖ್ಯೆಯ ಮುಂದೆ 'ಬಿಸ್' ಅಂತ ಇತ್ತು. ಒಂದೇ ಸಂಖ್ಯೆಯಲ್ಲಿ ಎರಡನೇ ಬಾಗಿಲು ಇದ್ದರೆ ಅಲ್ಲಿ ಹಾಗೆ ಬರೆಯುತ್ತಾರೆ. ಸಭೆಯ ನಿರ್ಣಯದ ಕರಡಿನಲ್ಲಿ ಆ 'ಬಿಸ್' ಇರಲಿಲ್ಲ. ಎರಡು ಕಾಗದದಲ್ಲಿ ಎರಡು ವಿಳಾಸ ಇದ್ದರೆ ಗ್ರೆಫ್‌ನವರು ವಾಪಸ್ ಕಳಿಸುತ್ತಾರೆ. ಅಷ್ಟರಲ್ಲಿ ಪತ್ರಿಕೆಯಲ್ಲೂ ತಪ್ಪು ವಿಳಾಸವೇ ಅಚ್ಚಾಗಿದ್ದರೆ ದುಡ್ಡು ಕೊಟ್ಟು ತಿದ್ದುಪಡಿ ಪ್ರಕಟಣೆ ಹಾಕಿಸಬೇಕು. ಇನ್ನೊಂದು, ಕರಾರು ಮಾಡಿಕೊಟ್ಟ ಕಚೇರಿಯವರು ಅದನ್ನು ಕಂಪನಿಯ ಹೆಸರಿಗೆ ಮಾಡದೆ ಅಕ್ಕನ ಮಗನ ಹೆಸರಿಗೆ ಮಾಡಿದ್ದರು. ಆ ಹೆಣ್ಣುಮಗಳು ಪ್ರಕಟಣೆಯನ್ನು ತಡೆಹಿಡಿದು, ಕರಾರು ತಿದ್ದಿಸಿ ತರಿಸಿ, ಆಮೇಲೆ ಪತ್ರಿಕೆಗೆ ಕಳಿಸಿದರು. ಈ ಕ್ರಮ ಗೊತ್ತಿರುವವರು ಬೇಕು ನೋಡಿ. ತಿದ್ದಿದ ನಿಯಮಾವಳಿಯ ಕೊನೆಯಲ್ಲಿ 'ಮೂಲಕ್ಕೆ ಸರಿಯಾಗಿದೆ' ಅಂತ ವ್ಯವಸ್ಥಾಪಕ ಸಹಿ ಹಾಕಬೇಕು ಅನ್ನುವುದನ್ನೂ ಅವರೇ ನೆನಪಿಸಿದರು. ನಮ್ಮ ಹಳ್ಳಿ ಶಾನುಭೋಗರು ಪಹಣಿ ಓದುತ್ತಿದ್ದ ಹಾಗೆ, ಒಂದಕ್ಷರ ಬಿಡದೆ ಓದಿದರು. ನನಗೆ ಆ ಹೆಣ್ಣುಮಗಳ ಮೇಲೆ ತುಂಬಾ ಗೌರವ.

ಅರ್ಜಿ ಒಪ್ಪಿಗೆಯಾದ ಮೇಲೆ ಮಾರ್ಸೇ ಗ್ರೆಫ್‌ನವರೇ ಲಿಯೋನ್‌ಗೆ ತಿಳಿಸಿ ಹಳೆಯ ನೋಂದಣಿ ತೆಗೆಸುತ್ತಾರೆ. ಅದಕ್ಕೆ ನಾವು ಬೇರೆ ಓಡಾಡಬೇಕಿಲ್ಲ.

ಇನ್ನು ಬೇಸರದ ವಿಷಯ. ಅವರ ಮುಖಪುಟದಲ್ಲಿ ಕಾಣುವ ದರ ಬರೀ ಅವರ ಸೇವಾಶುಲ್ಕ, ಅದೂ ತೆರಿಗೆ ಬಿಟ್ಟು. ಫ್ರಾನ್ಸಿನಲ್ಲಿ ಮೌಲ್ಯವರ್ಧಿತ ತೆರಿಗೆ ಶೇ 20. ಅದು ಸೇರಬೇಕು. ಎರಡು ಪ್ರಕಟಣೆಯ ಖರ್ಚು ಸೇರಬೇಕು. ಗ್ರೆಫ್ ಶುಲ್ಕ ಸೇರಬೇಕು. ಎಲ್ಲ ಕೂಡಿದರೆ ಮೊದಲು ಕಂಡ ಅಂಕಿಗೂ ಕೊನೆಯ ಬಿಲ್ಲಿಗೂ ಸಂಬಂಧವೇ ಇರುವುದಿಲ್ಲ. ದುಡ್ಡು ಜಾಸ್ತಿ ಆಯಿತು ಅಂತ ನನ್ನ ತಕರಾರಲ್ಲ. ಮೊದಲೇ ಪೂರ್ತಿ ಹೇಳಬಹುದಿತ್ತು, ಅಲ್ವಾ? ಮೆಣಸು ಕೊಳ್ಳುವಾಗ ನಾವು ರೈತರಿಗೆ ತೇವ ಎಷ್ಟು, ಕಡಿತ ಎಷ್ಟು ಅಂತ ಮೊದಲೇ ಹೇಳಿ ತೂಕಕ್ಕೆ ಇಡುತ್ತೇವೆ.

ಆ ಹೆಣ್ಣುಮಗಳವರೆಗೆ ತಲುಪುವುದೂ ಸುಲಭ ಇರಲಿಲ್ಲ. ಮೊದಲು ಮಾತಾಡುವುದು ಯಂತ್ರ. ಯಾವ ಪ್ರಶ್ನೆ ಕೇಳಿದರೂ ಅದು ಒಂದೇ ಸಹಾಯ ಪುಟದ ಕೊಂಡಿ ಕಳಿಸುತ್ತಿತ್ತು. ಚಳಿಗಾಲದಲ್ಲಿ ನಾವು ಅವರಿಗಿಂತ ನಾಲ್ಕೂವರೆ ಗಂಟೆ ಮುಂದೆ. ಅವರು ಬೆಳಿಗ್ಗೆ ಕಚೇರಿ ತೆಗೆಯುವಾಗ ನಮ್ಮಲ್ಲಿ ಊಟದ ಹೊತ್ತು ಆಗಿರುತ್ತದೆ. ಇಲ್ಲಿಂದ ಕೆಲಸ ಮಾಡಿಸುವವರು ಮಧ್ಯಾಹ್ನದ ಮೇಲೆಯೇ ಕೂರಬೇಕು. ಆಗಸ್ಟ್‌ನಲ್ಲಂತೂ ಶುರು ಮಾಡಲೇಬೇಡಿ. ನಮಗೆ ಇಲ್ಲಿ ಮಳೆಗೆ ಕರೆಂಟ್ ಇರುವುದಿಲ್ಲ, ಅವರಿಗೆ ಅಲ್ಲಿ ರಜೆ.

ಅವರೇ ತೋರಿಸುವ 'ವಿಳಾಸ ಕೊಡುವ ಕಚೇರಿ'ಯ ಪ್ಯಾಕೇಜನ್ನು ನಾವು ತೆಗೆದುಕೊಳ್ಳಲಿಲ್ಲ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ದೂರದಲ್ಲಿ ಕೂತವರಿಗೆ ಇದೇ ಮುಖ್ಯ. ಫ್ರಾನ್ಸಿನಲ್ಲಿ ಬೇರೆಯವರಿಗೆ ಕಂಪನಿ ವಿಳಾಸ ಕೊಡುವ ವ್ಯವಹಾರ ಮಾಡಲು ಜಿಲ್ಲಾಡಳಿತದ ಅನುಮತಿ ಬೇಕು. ಕರಾರು ಕನಿಷ್ಠ 3 ತಿಂಗಳದ್ದು. ಸುಮ್ನೆ ಟಪಾಲು ಡಬ್ಬಿ ಇಟ್ಟರೆ ಸಾಲದು, ಸಭೆ ಮಾಡಲು ಗುಟ್ಟು ಉಳಿಯುವಂಥ ಒಂದು ಕೋಣೆಯನ್ನೂ ಒದಗಿಸಬೇಕು. ಕಂಪನಿಯವರು 3 ತಿಂಗಳು ಟಪಾಲು ನೋಡದೇ ಇದ್ದರೆ ಆ ಕಚೇರಿಯವರು ಗ್ರೆಫ್‌ಗೆ ತಿಳಿಸಬೇಕು ಅನ್ನುವ ನಿಯಮವೂ ಇದೆ. ಹಾಗಾಗಿ ಟಪಾಲು ಬಂದ ದಿನವೇ ಸ್ಕ್ಯಾನ್ ಮಾಡಿ ಕಳಿಸುವವರನ್ನು ಹುಡುಕಿ. ಅಕ್ಕನ ಮಗ ಮಾರ್ಸೇಗೆ ಹೋಗಿ, ಅನುಮತಿ ಪತ್ರ ಕೇಳಿ ನೋಡಿ, ಕೋಣೆ ನೋಡಿ, ಆಮೇಲೆ ಒಂದು ಜಾಗ ಒಪ್ಪಿಕೊಂಡ. ಪ್ಯಾಕೇಜಿಗಿಂತ ಸ್ವಲ್ಪ ದುಬಾರಿಯೇ. ಪರವಾಗಿಲ್ಲ.

ಈ ಸೇವೆಯ ದೊಡ್ಡ ಕೊರತೆ ಏನು ಗೊತ್ತಾ? ವಿಳಾಸ ಬದಲಾದ ಮೇಲೆ ಏನೇನು ಅಲುಗಾಡುತ್ತದೆ ಅಂತ ಅವರು ಹೇಳುವುದಿಲ್ಲ. ಸಿರೆನ್ ಅನ್ನುವ 9 ಅಂಕಿಯ ಸಂಖ್ಯೆ ಕಂಪನಿ ಇರುವವರೆಗೂ ಅದೇ. ಆದರೆ ಸಿರೆಟ್ 14 ಅಂಕಿಯದ್ದು. ಸಿರೆನ್ ಮುಂದೆ ಜಾಗವನ್ನು ಗುರುತಿಸುವ 5 ಅಂಕಿ ಸೇರಿ ಆಗಿರುತ್ತದೆ. ಜಾಗ ಬದಲಾದರೆ ಆ 5 ಅಂಕಿ ಬದಲಾಗುತ್ತದೆ. ಮೌಲ್ಯವರ್ಧಿತ ತೆರಿಗೆಯ ಸಂಖ್ಯೆ ಸಿರೆನ್‌ನಿಂದ ಆಗಿರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ. ನಮಗೆ ತಲೆಬಿಸಿ ಆಗಿದ್ದು ಕಸ್ಟಮ್ಸ್ ಸಂಖ್ಯೆ. ಐರೋಪ್ಯ ಒಕ್ಕೂಟಕ್ಕೆ ಸರಕು ತರಿಸಲು ಬೇಕಾದ ಇಒಆರ್‌ಐ ಸಂಖ್ಯೆ ನಮ್ಮ ಕಂಪನಿಗೆ ಕೊಟ್ಟಿದ್ದು ಎಫ್‌ಆರ್ ಅಕ್ಷರದ ಮುಂದೆ ಹಳೆಯ ಸಿರೆಟ್ ಸೇರಿಸಿ. ಹಡಗಿನಲ್ಲಿ ಮೆಣಸು ಇರುವಾಗ ಸಿರೆಟ್ ಬದಲಾದರೆ ಆ ಕಡೆ ಬಿಡಿಸಿಕೊಳ್ಳುವವರು ಯಾರ ಹೆಸರಲ್ಲಿ ಕಾಗದ ಮಾಡಬೇಕು? ಅದಕ್ಕೇ ಕಸ್ಟಮ್ಸ್ ದಾಖಲೆ ಸರಿಯಾಗುವವರೆಗೂ ಮಂಗಳೂರಿಗೆ ಮೂಟೆ ಕಳಿಸಬೇಡ ಅಂತ ಅಕ್ಕನ ಮಗ ತಡೆದ. ಇದನ್ನು ಅವನಿಗೆ ಹೇಳಿದ್ದು ಬಂದರಿನ ಏಜೆಂಟರು, ನಾವು ದುಡ್ಡು ಕೊಟ್ಟ ಸೇವೆಯವರಲ್ಲ.

ಇನ್ನೊಂದು ಪೊಟ್ಟಣದ ಮೇಲಿನ ಅಚ್ಚು. ಐರೋಪ್ಯ ಒಕ್ಕೂಟದ ಆಹಾರ ಲೇಬಲ್ ನಿಯಮ, ಅಂದರೆ 1169/2011, ಯಾರ ಹೆಸರಲ್ಲಿ ಮಾರುತ್ತಾರೋ ಅವರ ಹೆಸರು, ವಿಳಾಸ ಪೊಟ್ಟಣದ ಮೇಲೆ ಇರಬೇಕು ಅನ್ನುತ್ತದೆ. ನಮ್ಮ ಪೊಟ್ಟಣ ಅಚ್ಚಾಗುವುದು ಶಿವಮೊಗ್ಗದಲ್ಲಿ. ದುರ್ಗಿಗುಡಿಯ ಪ್ರೆಸ್ಸಿಗೆ ಹೋಗಿ ಹಿಂಬದಿಯ ಕೆಳಗಿನ ಮೂಲೆ ತೋರಿಸಿದೆ. 'ಲಿಯೋನ್' ಅಂತ ಇರುವ ಎರಡು ಸಾಲು, ಇರುವೆಯಷ್ಟು ಸಣ್ಣ ಅಕ್ಷರ. "ಮೇಡಂ, ಇಷ್ಟಕ್ಕೆ ಪೂರ್ತಿ ಹೊಸದು ಮಾಡೋದಾ? ಖಾಲಿ ಆಗೋವರೆಗೆ ಸ್ಟಿಕ್ಕರ್ ಹಾಕೋಣ" ಅಂದರು ಪ್ರೆಸ್ಸಿನವರು. ಹಾಗೇ ಮಾಡಿದೆವು. ಸ್ಟಿಕ್ಕರ್ ಹಳೆಯ ವಿಳಾಸವನ್ನು ಪೂರ್ತಿ ಮುಚ್ಚಬೇಕು, ಪಕ್ಕದ ಬ್ಯಾಚ್ ಸಂಖ್ಯೆಯ ಮೇಲೆ ಒಂದಿಷ್ಟೂ ಹೋಗಬಾರದು. ನಮ್ಮ ಹೆಣ್ಣಾಳುಗಳು ಒಂದೊಂದಕ್ಕೂ ಬೆರಳಿನಿಂದ ತೀಡಿ ಅಂಟಿಸಿದರು.

ಬಿಲ್ಲುಗಳ ಮೇಲೂ ಬದಲಾಗಬೇಕು. ಅಲ್ಲಿ ಬಿಲ್ಲಿನಲ್ಲಿ ಸಿರೆನ್ ಜೊತೆ ನೋಂದಣಿ ಇರುವ ಊರಿನ ಹೆಸರೂ ಇರಬೇಕು. ಬ್ಯಾಂಕು, ವಿಮೆ, ತೆರಿಗೆ ಕಚೇರಿ ಇವಕ್ಕೂ ತಿಳಿಸಿ. ಜಾಗದ ಮೇಲಿನ ವ್ಯಾಪಾರ ತೆರಿಗೆಗೆ ಜನವರಿ 1ರಂದು ಕಂಪನಿ ಯಾವ ಊರಿನಲ್ಲಿತ್ತು ಅನ್ನುವುದೇ ಲೆಕ್ಕ. ವರ್ಷದ ಮಧ್ಯೆ ಹೋದರೂ ಆ ವರ್ಷದ ತೆರಿಗೆ ಹಳೆಯ ಊರಿಗೇ. ಹಳೆಯ ಮನೆಗೆ ಬರುವ ಕಾಗದ ಹೊಸ ಜಾಗಕ್ಕೆ ತಿರುಗಿಸಲು ಅಲ್ಲಿನ ಅಂಚೆ ಸಂಸ್ಥೆ ಲಾ ಪೋಸ್ಟ್‌ನಲ್ಲಿ ಕಂಪನಿಗಳಿಗೆ ಅಂತಲೇ ವ್ಯವಸ್ಥೆ ಇದೆ. ಅದನ್ನು ಮಾಡಿಸಿದ್ದು ತುಂಬಾ ಒಳ್ಳೆಯದಾಯಿತು.

ಒಂದು ಎಚ್ಚರಿಕೆ. ಬದಲಾವಣೆ ಬೋಡಾಕ್ ಅನ್ನುವ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾಗುತ್ತದೆ. ಅದನ್ನು ಯಾರು ಬೇಕಾದರೂ ನೋಡಬಹುದು. ಆಮೇಲೆ ಹೊಸ ವಿಳಾಸಕ್ಕೆ ಸರ್ಕಾರದ ಬಿಲ್ಲಿನ ಹಾಗೇ ಕಾಣುವ ಕಾಗದ ಬರತೊಡಗುತ್ತವೆ. ನಮ್ಮ ಸಿರೆನ್, ಹೊಸ ವಿಳಾಸ ಎಲ್ಲ ಸರಿಯಾಗಿ ಅಚ್ಚಾಗಿರುತ್ತದೆ, ಕೊನೆಯಲ್ಲಿ 'ನೋಂದಣಿ ಶುಲ್ಕ' ಅಂತ ಒಂದು ಮೊತ್ತ. ಕೆಳಗೆ ತೀರಾ ಸಣ್ಣ ಅಕ್ಷರದಲ್ಲಿ ಇದು ಖಾಸಗಿ ಪಟ್ಟಿಗೆ ಸೇರಿಸುವ ಕೊಡುಗೆ ಅಂತ ಇರುತ್ತದೆ. ಕಟ್ಟಬೇಡಿ. ಸ್ಕ್ಯಾನ್ ಬಂದ ಕೂಡಲೇ ನಾನು ಅಕ್ಕನ ಮಗನಿಗೆ ಫೋನ್ ಮಾಡಿ "ಇದಕ್ಕೆ ಕೈ ಹಾಕಬೇಡ ಮಾರಾಯ" ಅಂದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಾಗದ ಓದಿದ ರೀತಿಗೆ ಪೂರ್ತಿ ಐದು ಕೊಡಬಹುದು. ದರ ಹೇಳುವ ರೀತಿಗೆ, ಆಮೇಲಿನ ಮೌನಕ್ಕೆ ಕಡಿಮೆ ಮಾಡಿದೆ. ನೀವೂ ಹೋಗುವುದಾದರೆ ಮೊದಲೇ ಮಿಂಚಂಚೆಯಲ್ಲಿ ತೆರಿಗೆ, ಎರಡೂ ಪ್ರಕಟಣೆ, ಗ್ರೆಫ್ ಶುಲ್ಕ ಸೇರಿಸಿ ಒಟ್ಟು ಮೊತ್ತ ಬರೆಸಿಕೊಳ್ಳಿ. ಪ್ರಕಟಣೆಗೆ ಹೋಗುವ ಮುಂಚೆ ಅದರ ಕರಡು ಕಳಿಸಿ ಅಂತ ಕೇಳಿ. ಕೊನೆಗೆ ಹೊಸ ಕಾಬಿಸ್ ಪ್ರತಿಗೆ ಬೇರೆ ದುಡ್ಡು ಕೇಳಿದರೆ ಒಪ್ಪಬೇಡಿ. ಕಾಬಿಸ್ ಅಂದರೆ ಕಂಪನಿಯ ನೋಂದಣಿ ಪತ್ರ. ಕಂಪನಿಯ ಮುಖ್ಯಸ್ಥರಿಗೆ ಅದು ಗ್ರೆಫ್‌ನವರದ್ದೇ ಆದ ಮೊನಿಡೆನಮ್ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಬ್ಯಾಂಕಿನವರು 3 ತಿಂಗಳೊಳಗಿನ ಪ್ರತಿಯನ್ನೇ ಕೇಳುತ್ತಾರೆ, ಹಾಗಾಗಿ ಬೇಕಾದಾಗ ಹೊಸದಾಗಿ ಇಳಿಸಿಕೊಳ್ಳುವುದೇ ಸರಿ.