ಕೊಡಲಿ, ಜೇಡ ಮತ್ತು ನರಕದಲ್ಲಿ ಬೆಳೆದ ಹುಡುಗಿ

ಸೂಪರ್‌ಹೀರೊ ಕಥೆಯನ್ನು ಮೊದಲಿನಿಂದ ಹೇಳುತ್ತೇವೆ ಎಂದು ಕಾಮಿಕ್ಸ್ ಪ್ರಕಾಶಕರು ಸಾರಿದಾಗಲೆಲ್ಲ ನನಗೆ ನಗು ಬರುತ್ತಿತ್ತು. ಹಳೆಯ ಗೋಡೆಗೆ ಹೊಸ ಸುಣ್ಣ, ಅಷ್ಟೇ ತಾನೆ? ಮಾರ್ವೆಲ್ 2024ರ ಜನವರಿಯಲ್ಲಿ ಹೊಸ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ತಂದಾಗಲೂ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಡಿಸಿ ‘ಆ್ಯಬ್ಸಲ್ಯೂಟ್ ಬ್ಯಾಟ್‌ಮ್ಯಾನ್’ ಮತ್ತು ‘ಆ್ಯಬ್ಸಲ್ಯೂಟ್ ವಂಡರ್ ವುಮನ್’ ಹೊರಡಿಸಿದಾಗಲೂ ಹಾಗೆಯೇ ನಕ್ಕಿದ್ದೆ. ಆಮೇಲೆ ಮೂರರ ಮೊದಲ ಆರು ಸಂಚಿಕೆಗಳನ್ನೂ ಎರಡೆರಡು ಸಲ ಓದಿದೆ, ಒಮ್ಮೆ ಮೊಬೈಲ್‌ನಲ್ಲಿ, ಇನ್ನೊಮ್ಮೆ ಕಾಗದದಲ್ಲಿ. ಈಗ ನಗುತ್ತಿಲ್ಲ.

ಮೊದಲ ಓದಿನಲ್ಲಿ ಎದೆ ಹೊಡೆದುಕೊಂಡದ್ದು ಬ್ಯಾಟ್‌ಮ್ಯಾನ್‌ಗೆ. 1939ರಲ್ಲಿ ಹುಟ್ಟಿದ ಈ ಪಾತ್ರ ಎಂದರೆ ಬಂಗಲೆ, ಬಟ್ಲರ್, ಬತ್ತದ ತಿಜೋರಿ. ಬರಹಗಾರ ಸ್ಕಾಟ್ ಸ್ನೈಡರ್ ಮೂರನ್ನೂ ಕಿತ್ತುಕೊಂಡಿದ್ದಾರೆ. ಬ್ಯಾಟ್‌ಮ್ಯಾನ್ ಮುಖವಾಡದ ಹಿಂದಿರುವ ಬ್ರೂಸ್ ವೇನ್ ಇಲ್ಲಿ ಶಾಲಾ ಮೇಷ್ಟರ ಮಗ, ಎಂಜಿನಿಯರ್. ಅಪ್ಪ ಸತ್ತದ್ದು ಮಕ್ಕಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋದ ದಿನ, ಗುಂಡಿನ ದಾಳಿಯಲ್ಲಿ. ಅಮ್ಮ ಮಾರ್ಥಾ ಬದುಕಿದ್ದಾಳೆ. ಬಟ್ಲರ್ ಆಗಿದ್ದ ಆಲ್‌ಫ್ರೆಡ್ ಇಲ್ಲಿ ಚಹಾ ತಂದುಕೊಡುವವನಲ್ಲ, ಇವನ ಬೆನ್ನು ಹತ್ತಿ ಬಂದ ಗೂಢಚಾರ, ಕಥೆ ಹೇಳುವವನೂ ಅವನೇ. ಹಳೆಯ ಕಥೆಗಳಲ್ಲಿ ಖಳರಾಗಿದ್ದ ವೇಲನ್ ಜೋನ್ಸ್, ಹಾರ್ವೆ ಡೆಂಟ್, ಆಸ್ವಾಲ್ಡ್ ಇಲ್ಲಿ ಬಾಲ್ಯದ ಗೆಳೆಯರು. ಅವರು ನಗುತ್ತಾ ಹರಟುವ ಪುಟಗಳನ್ನು ಓದುವಾಗ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುತ್ತದೆ, ಯಾರ್ಯಾರು ಏನೇನಾಗಬಹುದು ಎಂಬುದು ನಮಗೆ ಗೊತ್ತಲ್ಲ!

ಆ ಎದೆಯ ಲಾಂಛನವನ್ನು ನೋಡಬೇಕು. ಚಿತ್ರಕಾರ ನಿಕ್ ಡ್ರಗೋಟಾ ಅದನ್ನು ಇಟ್ಟಿಗೆಯಂತೆ ದಪ್ಪವಾಗಿ, ಅಂಚು ಅಂಚಾಗಿ ಬರೆದಿದ್ದಾರೆ. ಅಲಂಕಾರವೆಂದುಕೊಂಡು ಪುಟ ತಿರುವುತ್ತೇವೆ. ಜಗಳದ ನಡುವೆ ಬ್ರೂಸ್ ಅದನ್ನು ಎದೆಯಿಂದ ಕಳಚಿದರೆ ಅದು ಕೊಡಲಿಯ ತಲೆ! ಮುಖವಾಡದ ಕಿವಿಗಳು ಕಿತ್ತು ಬಂದರೆ ಚೂರಿಗಳು. ದುಡ್ಡಿಲ್ಲದವನು ಮೈಮೇಲಿರುವುದನ್ನೇ ಹತ್ಯಾರು ಮಾಡಿಕೊಂಡಿದ್ದಾನೆ. ಬಡತನವನ್ನು ಸಂಭಾಷಣೆಯಲ್ಲಿ ಹೇಳಿ ಮುಗಿಸದೆ ಉಡುಪಿನಲ್ಲೇ ತೋರಿಸಿದ್ದು ನನಗೆ ಬಹಳ ಹಿಡಿಸಿತು. ಒಂದೇ ತಕರಾರು: ಗದ್ದಲ ಜಾಸ್ತಿ. ಎರಡನೆಯ ಓದಿಗೆ, ಖಳ ಬ್ಲ್ಯಾಕ್ ಮಾಸ್ಕ್ ಬಾಯಿ ತೆರೆದಾಗಲೆಲ್ಲ ನನ್ನ ಕಣ್ಣು ಮುಂದಿನ ಚೌಕಟ್ಟಿಗೆ ಹಾರುತ್ತಿತ್ತು.

ಸ್ಪೈಡರ್‌ಮ್ಯಾನ್ ಇದಕ್ಕೆ ಪೂರ್ತಿ ಉಲ್ಟಾ. ಬರಹಗಾರ ಜೊನಾಥನ್ ಹಿಕ್‌ಮನ್ ಪೀಟರ್ ಪಾರ್ಕರ್‌ನಿಂದ ಕಸಿದದ್ದು ಹರೆಯವನ್ನು. 1962ರ ಮೂಲ ಕಥೆಯಲ್ಲಿ ಜೇಡ ಕಚ್ಚಿದ್ದು ಶಾಲಾ ಹುಡುಗನನ್ನು, ಅದೂ ಆಕಸ್ಮಿಕವಾಗಿ. ಇಲ್ಲಿ ಆ ಆಕಸ್ಮಿಕವನ್ನೇ ಒಬ್ಬ ದುಷ್ಟ ತಪ್ಪಿಸಿಬಿಟ್ಟಿದ್ದಾನೆ. ಪೀಟರ್‌ಗೆ ಮೂವತ್ತು ದಾಟಿದೆ. ಹೆಂಡತಿ ಮೇರಿ ಜೇನ್, ಇಬ್ಬರು ಮಕ್ಕಳು, ಪತ್ರಿಕಾ ಕಚೇರಿಯ ಕೆಲಸ. ಚಿಕ್ಕಪ್ಪ ಬೆನ್ ಬದುಕಿದ್ದಾನೆ, ಚಿಕ್ಕಮ್ಮ ಮೇ ಇಲ್ಲ. ಹೀಗಿರುವಾಗ, ‘ಇದು ನಿನಗೆ ಸಿಗಬೇಕಾಗಿತ್ತು’ ಎಂಬ ಸಂದೇಶದೊಂದಿಗೆ ಜೇಡ ಬಂದು ಕೈಸೇರುತ್ತದೆ. ಕಚ್ಚಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ಅವನೇ ತೀರ್ಮಾನಿಸಬೇಕು. ಮೊದಲ ಸಂಚಿಕೆ ಹೆಚ್ಚುಕಡಿಮೆ ಇಷ್ಟೇ. ಹೊಡೆದಾಟಕ್ಕೆಂದು ಬಂದವರಿಗೆ ಬೇಸರವಾಗಬಹುದು. ನಾನಂತೂ ಕಣ್ಣು ಕೀಳಲಿಲ್ಲ. ಮನೆ ಮಠ ಇರುವವನು ಗೋಡೆ ಹತ್ತಲು ಹೊರಟರೆ ಅದರ ಭಯವೇ ಬೇರೆ.

ಇದರ ನಾಲ್ಕನೆಯ ಸಂಚಿಕೆಯ ಬಹುಪಾಲು ಒಂದು ರಾತ್ರಿಯೂಟ. ಪೀಟರ್, ಮೇರಿ ಜೇನ್, ಎದುರಿಗೆ ಹ್ಯಾರಿ ಆಸ್ಬಾರ್ನ್ ಮತ್ತು ಅವನ ಹೆಂಡತಿ ಗ್ವೆನ್. ಗಂಡಂದಿರಿಬ್ಬರೂ ಮುಖವಾಡ ಹಾಕುವವರು, ಮೇಜಿನ ಮೇಲೆ ಮಾತ್ರ ಸಭ್ಯ ಮಾತುಕತೆ. ಈ ಹ್ಯಾರಿ ಇಲ್ಲಿ ಹಳೆಯ ಕಥೆಗಳ ಖಳ ಗ್ರೀನ್ ಗಾಬ್ಲಿನ್, ಆದರೆ ಶತ್ರುವಲ್ಲ, ಜೊತೆಗಾರ. ಪೀಟರ್ ಕೈ ತಡೆಯುವ ಕಡೆ ಇವನು ತಡೆಯುವುದಿಲ್ಲ. ಆ್ಯಂಟಿಹೀರೊ, ಅಂದರೆ ಒಳ್ಳೆಯತನದ ಗೆರೆ ದಾಟುವ ನಾಯಕ, ಎಂದರೆ ತಲೆಬುರುಡೆಯ ಅಂಗಿ, ಎರಡು ಬಂದೂಕು, ಮೂರು ಬೈಗುಳ ಎಂದು ತಿಳಿದ ಬರಹಗಾರರು ಈ ಹುಡುಗನನ್ನು ಒಮ್ಮೆ ನೋಡಬೇಕು: ದುಡ್ಡಿದೆ, ನಯವಿದೆ, ಗೆಳೆತನವೂ ನಿಜವೇ, ಆದರೂ ಅವನ ಪಕ್ಕ ನಿಲ್ಲಲು ಹೆದರಿಕೆಯಾಗುತ್ತದೆ. ಕೊಡಲಿ ಹಿಡಿದ ಬ್ಯಾಟ್‌ಮ್ಯಾನ್ ಅಷ್ಟು ಹೆದರಿಸಲಿಲ್ಲ. ಅವನು ಮೂಳೆ ಮುರಿದರೂ ಎಲ್ಲಿ ನಿಲ್ಲಿಸುತ್ತಾನೆಂದು ಓದುಗನಿಗೆ ಗೊತ್ತು.

ವಂಡರ್ ವುಮನ್‌ಳನ್ನು ಕೊನೆಗೆ ಇಟ್ಟುಕೊಂಡಿದ್ದೆ, ಸತ್ಯ ಹೇಳಬೇಕೆಂದರೆ ಉತ್ಸಾಹವಿಲ್ಲದೆ. ಮುಖಪುಟದಲ್ಲಿ ಆಳೆತ್ತರದ ಕತ್ತಿ, ಒಳಗೆ ಎಲುಬಿನ ಹಂದರವೇ ಆದ ರೆಕ್ಕೆಯ ಕುದುರೆ. ಇನ್ನೊಬ್ಬ ಸಿಡುಕು ಮೋರೆಯ ಆ್ಯಂಟಿಹೀರೊ ಎಂದುಕೊಂಡೆ. ಬರಹಗಾರ್ತಿ ಕೆಲ್ಲಿ ಥಾಂಪ್ಸನ್ ಇವಳಿಂದ ಕಿತ್ತುಕೊಂಡದ್ದು ಎಲ್ಲವನ್ನೂ: ದ್ವೀಪ, ತಾಯಿ, ಅಕ್ಕತಂಗಿಯರು, ಕೊನೆಗೆ ತನ್ನ ಕುಲದ ‘ಅಮೆಜಾನ್’ ಎಂಬ ಹೆಸರನ್ನು ಉಚ್ಚರಿಸುವುದಕ್ಕೂ ನಿಷೇಧ. ನರಕದಲ್ಲಿ ಮಾಟಗಾತಿ ಸರ್ಸಿಯ ಮಡಿಲಿಗೆ ಕೂಸು ಡಯಾನಾಳನ್ನು ಹಾಕಿ ಹೋಗುತ್ತಾರೆ. ಆಕೆಗೆ ಈ ಮಗು ಬೇಕಿರಲಿಲ್ಲ. ಬೇಡದ ಮಗು ಬೇಕಾಗುವ ಆ ಕೆಲವೇ ಪುಟಗಳು ಮೂರೂ ಪುಸ್ತಕಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ. ಬೆಳೆದ ಡಯಾನಾಳ ಸುತ್ತ ಇರುವುದೆಲ್ಲ ಕಪ್ಪು, ಕೆಂಪು, ಬೂದಿ. ಅವಳು ಮಾತ್ರ ಇವರೆಲ್ಲರಲ್ಲಿ ಅತ್ಯಂತ ಮೃದು. ಒಬ್ಬ ಮನುಷ್ಯನನ್ನು ನರಕದಿಂದ ಹೊರಗೆ ಕಳುಹಿಸಲು ತೋಳನ್ನೇ ತೆತ್ತವಳು, ಅದರ ಬಗ್ಗೆ ಕೊರಗುವುದೂ ಇಲ್ಲ.

ಇದನ್ನು ದಯವಿಟ್ಟು ಮೊಬೈಲ್‌ನಲ್ಲಿ ಓದಬೇಡಿ. ಚಿತ್ರ ಬರೆದ ಹೇಡನ್ ಶರ್ಮನ್ ಎದುರುಬದುರು ಪುಟಗಳನ್ನು ಒಂದೇ ಚಿತ್ರವಾಗಿ ಹೆಣೆಯುತ್ತಾರೆ, ಚೌಕಟ್ಟುಗಳು ಚೌಕವಾಗಿರುವುದೇ ಅಪರೂಪ. ಒಂದೊಂದೇ ಚೌಕಟ್ಟನ್ನು ದೊಡ್ಡದು ಮಾಡಿ ತೋರಿಸುವ ಆ್ಯಪ್ ಇದನ್ನು ಚಿಂದಿ ಮಾಡಿ ಕೊಟ್ಟಿತು. ಮೊದಲ ಸಲ ಯಾರು ಯಾರಿಗೆ ಹೊಡೆದರೆಂದೇ ತಿಳಿಯಲಿಲ್ಲ. ಬ್ಯಾಟ್‌ಮ್ಯಾನ್‌ಗೂ ಸ್ವಲ್ಪ ಏಟು ಬಿತ್ತು, ಏಕೆಂದರೆ ಪುಟ್ಟ ಪುಟ್ಟ ಚೌಕಟ್ಟುಗಳ ನಂತರ ಇಡೀ ಪುಟ ಸಿಡಿಯುವ ಮಜಾ ಅಂಗೈಯಗಲದ ಪರದೆಯಲ್ಲಿ ಬರುವುದಿಲ್ಲ. ಸ್ಪೈಡರ್‌ಮ್ಯಾನ್‌ಗೆ ಏನೂ ಆಗಲಿಲ್ಲ. ಮುಖಗಳು, ಮಾತುಗಳು, ಬಸ್ಸಿನಲ್ಲಿ ನಿಂತುಕೊಂಡೂ ಓದಬಹುದು.

ಕಳೆದ ವಾರ ಗೆಳೆಯನೊಬ್ಬ ಮೂರರಲ್ಲಿ ಒಂದನ್ನು ಎರವಲು ಕೇಳಿದ. ಹೊಸಬ, ಹಿಂದಿನ ಕಥೆ ಏನೂ ಗೊತ್ತಿಲ್ಲ. ಬ್ಯಾಟ್‌ಮ್ಯಾನ್ ಕೊಟ್ಟೆ, ಕೊಡಲಿ ಯಾರಿಗಾದರೂ ಅರ್ಥವಾಗುತ್ತದೆ. ಅವನ ಹೆಂಡತಿಗೆ ಸ್ಪೈಡರ್‌ಮ್ಯಾನ್ ಕೊಟ್ಟೆ. ವಂಡರ್ ವುಮನ್ ಯಾರೋ ಒಯ್ದಿದ್ದಾರೆಂದು ಸುಳ್ಳು ಹೇಳಿದೆ.