ಜರ್ಮನಿಯ ವೈಸ್ ಇಂಟರ್ನ್‌ಶಿಪ್: ಹಾಳೆ ತಟ್ಟೆಯಿಂದ ಸಿಕ್ಕ ಎರಡನೇ ಲ್ಯಾಬು

ಊರಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ವೈಸ್ ಬಗ್ಗೆ ಕೇಳುತ್ತಾರೆ. ಮೊನ್ನೆ ಶಿರಸಿಯಲ್ಲಿ ಮಾರಿಕಾಂಬಾ ದೇವಸ್ಥಾನದ ಹತ್ತಿರ ಸಿಕ್ಕ ಹುಡುಗಿಯೂ ಅದನ್ನೇ ಕೇಳಿದಳು, ಅಲ್ಲೇ ನಿಂತು ಅರ್ಧ ಗಂಟೆ ಮಾತಾಡಿದೆವು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಕಡೆಯಿಂದ ಐದಕ್ಕೆ ಐದು. ಆದರೆ ಆ ಐದರಲ್ಲಿ ಎರಡು ಅಂಕ ನನ್ನ ಅರ್ಜಿಯಲ್ಲಿ ಇಲ್ಲವೇ ಇಲ್ಲದ ಕೆಲಸಕ್ಕೆ.

ವೈಸ್ ಅಂದರೆ ಜರ್ಮನಿಯ ಡಿಎಎಡಿ ಸಂಸ್ಥೆ ಭಾರತದ ವಿಜ್ಞಾನ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಡುವ ಬೇಸಿಗೆ ಸ್ಕಾಲರ್‌ಶಿಪ್. ಎರಡರಿಂದ ಮೂರು ತಿಂಗಳು ಅಲ್ಲಿನ ವಿಶ್ವವಿದ್ಯಾಲಯದಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ಕೆಲಸ ಮಾಡಬಹುದು. ತಿಂಗಳ ಖರ್ಚಿಗೆ ಹಣ, ಪ್ರಯಾಣಕ್ಕೆ ಒಂದಿಷ್ಟು, ಆರೋಗ್ಯ ವಿಮೆ ಅವರದ್ದೇ. ಪ್ರೊಫೆಸರನ್ನು ಮಾತ್ರ ನಾವೇ ಹುಡುಕಿ ಆಹ್ವಾನ ಪತ್ರ ತರಿಸಿಕೊಳ್ಳಬೇಕು. ನಾನು ಹಾಕಿದ ವರ್ಷ ನವೆಂಬರ್ 1 ಕೊನೆಯ ದಿನ ಇತ್ತು, ಆದ್ದರಿಂದ ಆಗಸ್ಟ್‌ನಲ್ಲೇ ಮೇಲ್ ಬರೆಯಲು ಶುರು ಮಾಡಿ. ನಾನು 40ಕ್ಕೂ ಜಾಸ್ತಿ ಮೇಲ್ ಕಳಿಸಿದ್ದೆ. ಉತ್ತರ ಬಂದಿದ್ದು ಮೂರು, ಹೌದು ಅಂದಿದ್ದು ಒಂದು.

ಕರಾವಳಿಯ ಒಂದು ಕನ್ಸಲ್ಟೆನ್ಸಿಯವರು ಈ ಅರ್ಜಿ ಹಾಕಿಸಿಕೊಡಲು 25,000 ರೂಪಾಯಿ ಕೇಳಿದ್ದರು. ಕೊಡಬೇಡಿ. ಅರ್ಜಿಗೆ ಶುಲ್ಕವೇ ಇಲ್ಲ, ಪ್ರೊಫೆಸರ್‌ಗೆ ಮೇಲ್ ಬರೆಯುವುದು ಯಾರಿಗಾದರೂ ಬರುತ್ತದೆ.

2024ರ ಮೇ ತಿಂಗಳಲ್ಲಿ ಡ್ರೆಸ್ಡೆನ್‌ಗೆ ಹೋದೆ. ಎಲ್ಬೆ ನದಿ ದಂಡೆಯ ಊರು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯ 1828ರಲ್ಲಿ ಶುರುವಾಗಿದ್ದು. ನನ್ನ ಕೆಲಸ ಲೋಹದ ಬಿಡಿಭಾಗಗಳಲ್ಲಿ ಶಾಖ ಹೇಗೆ ಹರಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಒಳ್ಳೆಯ ಕೆಲಸವೇ, ಬಹಳ ಕಲಿತೆ. ಆದರೆ ಮೊದಲ ಮೂರು ವಾರ ರೂಮು, ಲ್ಯಾಬು, ರೂಮು ಅಷ್ಟೇ. ಸಂಜೆ ಯಾರಾದರೂ ಕರೆದರೆ ಕೋಡ್ ಮುಗಿದಿಲ್ಲ ಅನ್ನುತ್ತಿದ್ದೆ. ಇಷ್ಟು ದೂರ ಬಂದಿದ್ದು ಈ ಒಂದು ಕೆಲಸಕ್ಕೆ, ಬೇರೆ ಕಡೆ ನೋಡಿದರೆ ತಪ್ಪು ಅನ್ನುವ ಭಾವನೆ ಇತ್ತು.

ನಾಲ್ಕನೇ ವಾರ ನಮ್ಮ ವಿಭಾಗದ ಗ್ರಿಲ್ ಪಾರ್ಟಿ. ಎಲ್ಲರೂ ಬರಲೇಬೇಕು ಅಂದಿದ್ದರಿಂದ ಹೋದೆ. ಆಲೂಗಡ್ಡೆ ಸಲಾಡ್ ಹಾಕಿಕೊಳ್ಳಲು ತಟ್ಟೆ ತೆಗೆದುಕೊಂಡರೆ ಅದು ಅಡಿಕೆ ಹಾಳೆ ತಟ್ಟೆ! ನಮ್ಮ ಅಂಗಳದಲ್ಲಿ ದಿನಾ ಬೀಳುವ ಹಾಳೆ. ಪ್ಯಾಕೆಟ್ ಮೇಲೆ ತಾಳೆ ಎಲೆ ಅನ್ನುವ ಅರ್ಥದ ಜರ್ಮನ್ ಪದ ಇತ್ತು. ಪಕ್ಕದಲ್ಲಿ ನಿಂತವರಿಗೆ ಸುಮ್ನೆ ಹೇಳಿದೆ, ಇದು ಎಲೆ ಅಲ್ಲ, ಗರಿಯ ಬುಡದಲ್ಲಿ ಮರವನ್ನು ಅಪ್ಪಿಕೊಂಡಿರುವ ಹಾಳೆ, ತಾನಾಗಿ ಉದುರಿದ್ದನ್ನು ಆರಿಸಿ ತೊಳೆದು ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ, ಮರ ಕಡಿಯುವುದಿಲ್ಲ, ಅಂಟು ಹಾಕುವುದಿಲ್ಲ ಅಂತ. ಅವರು ಊಟ ಬಿಟ್ಟು ಕೇಳಿದರು. ಅದೇ ವಿಶ್ವವಿದ್ಯಾಲಯದಲ್ಲಿ ಮರ ಮತ್ತು ನಾರಿನ ವಸ್ತುಗಳ ಮೇಲೆ ಕೆಲಸ ಮಾಡುವವರಂತೆ. ಅಡಿಕೆ ಸಿಪ್ಪೆ ಏನು ಮಾಡುತ್ತೀರಿ ಅಂದರು. ಸೊಪ್ಪಿನ ಜೊತೆ ತೋಟಕ್ಕೆ ಹಾಕುತ್ತೇವೆ, ಉಳಿದಿದ್ದು ಒಲೆಗೆ ಅಂದೆ. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆಯೇ ಅಲ್ವಾ, ಅದು ಪೂರ್ತಿ ನಾರು. ಬರುವ ವಾರ ನಮ್ಮ ಲ್ಯಾಬಿಗೆ ಬಾ ಅಂದರು.

ಇಲ್ಲಿ ಒಂದು ಮಾತು ಮುಖ್ಯ. ನಾನು ಮರುದಿನ ಬೆಳಿಗ್ಗೆ ಮೊದಲು ನನ್ನ ಪ್ರೊಫೆಸರ್ ಹತ್ತಿರ ಹೋಗಿ ಕೇಳಿದೆ. ಕದ್ದುಮುಚ್ಚಿ ಹೋಗಬೇಡಿ. ಅವರು ಖುಷಿಯಿಂದ, ಶುಕ್ರವಾರ ಮಧ್ಯಾಹ್ನದ ಮೇಲೆ ಹೋಗು, ನಿನ್ನ ಲೆಕ್ಕ ತಪ್ಪದಿದ್ದರೆ ಸಾಕು ಅಂದರು. ವೀಸಾ ಇಂಟರ್ನ್‌ಶಿಪ್‌ಗೆ ಮಾತ್ರ, ಹೊರಗೆ ಸಂಬಳಕ್ಕೆ ಕೆಲಸ ಮಾಡುವ ಯೋಚನೆ ಬೇಡ. ನೋಡುವುದು, ಕಲಿಯುವುದು, ಪರಿಚಯ ಮಾಡಿಕೊಳ್ಳುವುದು, ಇದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ.

ಆಮೇಲೆ ಪ್ರತಿ ಶುಕ್ರವಾರ ನಾರು ಎಳೆದು ಎಷ್ಟು ಭಾರಕ್ಕೆ ಹರಿಯುತ್ತದೆ ಅಂತ ಅಳೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಜೂನ್‌ನಲ್ಲಿ ಅಲ್ಲಿ ವಿಜ್ಞಾನದ ರಾತ್ರಿ ಅಂತ ಆಗುತ್ತದೆ. ಲ್ಯಾಬುಗಳ ಬಾಗಿಲು ಊರಿನವರಿಗೆಲ್ಲ ತೆರೆದಿರುತ್ತದೆ, ರಾತ್ರಿ ಒಂಬತ್ತಕ್ಕೂ ಬೆಳಕು, ಮಕ್ಕಳನ್ನು ಕರೆದುಕೊಂಡು ಜನ ಓಡಾಡುತ್ತಾರೆ. ಅಲ್ಲಿ ನಾಲ್ಕು ಹೊಸ ಪರಿಚಯ. ಒಂದು ಭಾನುವಾರ ಥರಾಂಟ್‌ಗೆ ಹೋದೆವು. ಹತ್ತಿರದ ಸಣ್ಣ ಊರು, ಲೋಕಲ್ ರೈಲು ಇದೆ. ಅಲ್ಲಿನ ಅರಣ್ಯ ಶಾಲೆ 1811ರದ್ದು, ಅದರ ಸಸ್ಯೋದ್ಯಾನವೂ ಆಗಿನದ್ದೇ. ನಮ್ಮ ಶಿರಸಿಯ ಅರಣ್ಯ ಕಾಲೇಜು ನೆನಪಾಯಿತು. ಅಲ್ಲಿನ ವಿದ್ಯಾರ್ಥಿಗಳು ಈ ಜಾಗವನ್ನು ಒಮ್ಮೆ ನೋಡಲೇಬೇಕು ಅನ್ನಿಸಿತು.

ಓಡಾಟಕ್ಕೆ ಡಾಯ್ಚ್‌ಲಂಡ್ ಟಿಕೆಟ್ ತೆಗೆದುಕೊಳ್ಳಿ. ಆಗ ತಿಂಗಳಿಗೆ 49 ಯೂರೋ ಇತ್ತು, 2025ರಲ್ಲಿ 58 ಆಯಿತು. ದೇಶದ ಎಲ್ಲ ಊರಿನ ಬಸ್ಸು, ಟ್ರಾಮ್, ಲೋಕಲ್ ರೈಲಿಗೆ ನಡೆಯುತ್ತದೆ. ಐಸಿಇ ವೇಗದ ರೈಲಿಗೆ ನಡೆಯುವುದಿಲ್ಲ. ಇದು ಕೈಯಲ್ಲಿದ್ದರೆ ಯಾರು ಎಲ್ಲಿಗೆ ಕರೆದರೂ ಖರ್ಚಿನ ಲೆಕ್ಕ ಹಾಕದೆ ಹೊರಡಬಹುದು, ನನಗೆ ಅದರಿಂದಲೇ ಬಹಳ ಉಪಕಾರವಾಯಿತು. ರೂಮಿನ ವಿಷಯದಲ್ಲಿ ಹುಷಾರು. ಒಬ್ಬರು ಮನೆ ತೋರಿಸುವ ಮೊದಲೇ ಡಿಪಾಸಿಟ್ ಕಳಿಸು ಅಂದರು, ನಾನು ಕಳಿಸಲಿಲ್ಲ, ಆಮೇಲೆ ಅವರು ಫೋನೇ ಎತ್ತಲಿಲ್ಲ.

ಈಗ ನನ್ನ ಕೊನೆ ವರ್ಷದ ಪ್ರಾಜೆಕ್ಟ್ ಅಡಿಕೆ ಸಿಪ್ಪೆ ನಾರಿನ ಮೇಲೆ. ಡ್ರೆಸ್ಡೆನ್‌ನವರು ವಿಡಿಯೋ ಕಾಲ್‌ನಲ್ಲಿ ಸಲಹೆ ಕೊಡುತ್ತಾರೆ. ಎಂಎಸ್‌ಗೆ ಅಲ್ಲಿಗೇ ಹಾಕುವ ಮನಸ್ಸಿದೆ. ಸ್ಯಾಕ್ಸನಿಯ ಸರ್ಕಾರಿ ವಿಶ್ವವಿದ್ಯಾಲಯ, ನಾನು ನೋಡಿದಾಗ ಬೋಧನಾ ಶುಲ್ಕದ ಭಾರ ಇರಲಿಲ್ಲ.

ಒಂದು ಬೇಸರ ಇದೆ. ವೈಸ್‌ಗೆ ಎಲ್ಲ ಕಾಲೇಜಿನವರೂ ಹಾಕಲು ಬರುವುದಿಲ್ಲ, ಆಯ್ದ ಸಂಸ್ಥೆಗಳ ಪಟ್ಟಿ ಇದೆ. ಕಾರವಾರ, ಕುಮಟಾ, ಶಿರಸಿ ಕಡೆಯ ಕಾಲೇಜಿನವರು ಮೊದಲು ಆ ಪಟ್ಟಿ ನೋಡಿ. ಹೆಸರಿಲ್ಲದಿದ್ದರೆ ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ನೋಡಿ, ಅದು 12 ವಾರದ್ದು. ವಿದೇಶದಲ್ಲಿ ಇಂಟರ್ನ್‌ಶಿಪ್ ಕೊಡಿಸುವ ಐಎಇಎಸ್‌ಟಿಇ ಸಂಸ್ಥೆ ಕೂಡ ಇದೆ, 1948ರಿಂದ ನಡೆಯುತ್ತಿದೆ. ಪ್ರೊಫೆಸರ್‌ಗೆ ಬರೆಯುವ ಮೇಲ್‌ನಲ್ಲಿ ಮಾರ್ಕ್ಸ್ ಜೊತೆಗೆ ನಿಮ್ಮ ಮನೆಯ ಕೆಲಸವನ್ನೂ ಎರಡು ಸಾಲು ಬರೆಯಿರಿ, ಅದು ಮೀನು ಒಣಗಿಸುವುದಿರಲಿ, ತೋಟದ ಕೊಳೆರೋಗಕ್ಕೆ ಮದ್ದು ಹೊಡೆಯುವುದಿರಲಿ. ಬರೆದ ಮೇಲ್ ನನಗೆ ತೋರಿಸಿ, ಓದಿ ಹೇಳುತ್ತೇನೆ.