ಜರ್ಮನಿಯ ಎತ್ತರದ ಗೋಪುರಗಳು: ಹತ್ತಿ ನೋಡಿದ ಮೇಲೆ ಮಾಡಿದ ಹೋಲಿಕೆ

ಜರ್ಮನಿಯ ಅತಿ ಎತ್ತರದ ಕಟ್ಟಡಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸಿದರೆ ನಿರಾಸೆಯಾಗುವ ಸಾಧ್ಯತೆಯೇ ಹೆಚ್ಚು. ಪಟ್ಟಿಯ ಮೊದಲ ಸ್ಥಾನದಲ್ಲಿರುವ ಬರ್ಲಿನ್ನಿನ ಟಿವಿ ಗೋಪುರದ ಎತ್ತರ 368 ಮೀಟರ್ ಆಗಿದ್ದರೂ ಜನರು ನಿಂತು ನೋಡುವ ಅಂತಸ್ತು ಇರುವುದು 203 ಮೀಟರ್ ಎತ್ತರದಲ್ಲಿ. ಫ್ರಾಂಕ್‌ಫರ್ಟಿನ ಯೂರೋಪಾ ಗೋಪುರ 337.5 ಮೀಟರ್ ಎತ್ತರವಿದೆ, ಆದರೆ 1999ರಿಂದ ಅಲ್ಲಿ ಸಾರ್ವಜನಿಕರಿಗೆ ಪ್ರವೇಶವೇ ಇಲ್ಲ. ಅದೇ ನಗರದ ಕಾಮರ್ಸ್‌ಬ್ಯಾಂಕ್ ಕಟ್ಟಡ 259 ಮೀಟರಿನೊಂದಿಗೆ ದೇಶದ ಅತಿ ಎತ್ತರದ ಗಗನಚುಂಬಿ ಎನಿಸಿಕೊಂಡಿದ್ದರೂ ಅದು ಕಚೇರಿಗಳ ಕಟ್ಟಡ. ಅಲ್ಲಿ ವೀಕ್ಷಣಾ ಅಂತಸ್ತು ಇಲ್ಲ. ಆದ್ದರಿಂದ ಕಟ್ಟಡ ಎಷ್ಟು ಎತ್ತರವಿದೆ ಎಂಬುದಕ್ಕಿಂತ ನಾವು ಅದರಲ್ಲಿ ಎಷ್ಟು ಮೇಲೆ ಹೋಗಬಹುದು, ಹೋದಾಗ ಆ ಎತ್ತರ ನಮ್ಮ ಅನುಭವಕ್ಕೆ ಬರುತ್ತದೆಯೇ ಎಂಬುದನ್ನೇ ನಾನು ಈ ಹೋಲಿಕೆಗೆ ಆಧಾರವಾಗಿ ಇಟ್ಟುಕೊಂಡಿದ್ದೇನೆ. ಕೆಲಸದ ನಿಮಿತ್ತ ದಕ್ಷಿಣ ಜರ್ಮನಿಯಲ್ಲಿ ನೆಲೆಸಿರುವುದರಿಂದ, ಬೆಂಗಳೂರಿನಿಂದ ಬಂದ ಅಪ್ಪ ಅಮ್ಮನೊಂದಿಗೂ ಗೆಳೆಯರೊಂದಿಗೂ ಒಬ್ಬನೇ ಆಗಿಯೂ ಇವುಗಳನ್ನು ಹತ್ತುವ ಅವಕಾಶ ನನಗೆ ಸಿಕ್ಕಿದೆ.

ಪೂರ್ವ ಜರ್ಮನಿಯ ಸರ್ಕಾರ ಕಟ್ಟಿಸಿ 1969ರ ಅಕ್ಟೋಬರಿನಲ್ಲಿ ತೆರೆದ ಬರ್ಲಿನ್ ಗೋಪುರವು ಕೆಳಗಿನಿಂದ ನೋಡುವಾಗಲೇ ಹೆಚ್ಚು ಚೆಂದ. ಅದರ ಉಕ್ಕಿನ ಗೋಳದ ಮೇಲೆ ಬಿಸಿಲು ಬಿದ್ದಾಗ ಶಿಲುಬೆಯ ಆಕಾರದ ಹೊಳಪು ಮೂಡುತ್ತದೆ. ಧರ್ಮವನ್ನು ದೂರವಿಟ್ಟಿದ್ದ ಆ ಸರ್ಕಾರಕ್ಕೆ ಇದರಿಂದಾದ ಮುಜುಗರವನ್ನು ಬರ್ಲಿನ್ನಿನ ಜನ ‘ಪೋಪನ ಸೇಡು’ ಎಂದು ಕರೆದರು. ಲಿಫ್ಟು ನಲವತ್ತು ಸೆಕೆಂಡುಗಳಲ್ಲಿ ಮೇಲಕ್ಕೆ ತಲುಪಿಸುತ್ತದೆ. ಮೇಲೆ ಹೋದ ಮೇಲೆ ಸುತ್ತಲೂ ಗಾಜು. ಗಾಳಿಯ ಸೋಂಕಿಲ್ಲ, ಸಂಜೆಯಾದರೆ ಒಳಗಿನ ದೀಪಗಳೇ ಗಾಜಿನಲ್ಲಿ ಪ್ರತಿಫಲಿಸಿ ಹೊರಗಿನ ನಗರ ಮಸುಕಾಗುತ್ತದೆ. ಬರ್ಲಿನ್ ಸಮತಟ್ಟಾದ ನಗರವಾದ್ದರಿಂದ ದೃಷ್ಟಿ ಬಹುದೂರ ಹರಿಯುತ್ತದೆ ಎಂಬುದು ನಿಜ. ಆದರೆ ತುರ್ತು ಸಂದರ್ಭದಲ್ಲಿ ಮೆಟ್ಟಿಲಿಳಿದೇ ಹೊರಬರಬೇಕಾಗುವ ಕಾರಣ ಗಾಲಿಕುರ್ಚಿಯಲ್ಲಿ ಬರುವವರನ್ನು ಮೇಲಕ್ಕೆ ಬಿಡುವುದಿಲ್ಲ ಎಂಬುದನ್ನು ಹಿರಿಯರನ್ನು ಕರೆದೊಯ್ಯುವವರು ಮೊದಲೇ ತಿಳಿದಿರಬೇಕು.

ಫ್ರಾಂಕ್‌ಫರ್ಟಿನಲ್ಲಿ ಮೈನ್ ಟವರ್ ಎಂಬ 200 ಮೀಟರಿನ ಕಟ್ಟಡದ ಛಾವಣಿಯ ಮೇಲೆ ತೆರೆದ ವೀಕ್ಷಣಾ ತಾಣವಿದೆ. ಅಕ್ಕಪಕ್ಕದ ಬ್ಯಾಂಕ್ ಕಟ್ಟಡಗಳನ್ನು ಸಮಾನ ಎತ್ತರದಿಂದ ನೋಡಬೇಕೆಂದಿದ್ದರೆ ಇದು ಸರಿಯಾದ ಜಾಗ. ಅದಕ್ಕಿಂತ ಹೆಚ್ಚಿನದೇನೂ ನನಗೆ ಅಲ್ಲಿ ಕಾಣಲಿಲ್ಲ.

ಕಲೋನ್ ಕೆಥೆಡ್ರಲ್‌ನ ವಿಚಾರ ಬೇರೆ. 1248ರಲ್ಲಿ ಅಡಿಗಲ್ಲು ಬಿದ್ದು, ಹದಿನಾರನೆಯ ಶತಮಾನದಲ್ಲಿ ಕೆಲಸ ನಿಂತು, 1880ರಲ್ಲಿ ಪೂರ್ಣಗೊಂಡ ಈ 157 ಮೀಟರಿನ ಕಟ್ಟಡ ಕೆಲವು ವರ್ಷ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. ದಕ್ಷಿಣ ಗೋಪುರದ 533 ಮೆಟ್ಟಿಲುಗಳನ್ನು ಹತ್ತುವಾಗ ದಾರಿಯಲ್ಲಿ ಸಿಗುವ ಗಂಟೆಗಳ ಕೋಣೆಯೇ ಈ ಏರಿಕೆಯ ಸಾರ್ಥಕ್ಯ. 1923ರಲ್ಲಿ ಎರಕ ಹೊಯ್ದ, ಸುಮಾರು 24 ಟನ್ ತೂಕದ ಸಂತ ಪೀಟರನ ಗಂಟೆ ಅಲ್ಲಿ ತೂಗುತ್ತಿದೆ. ಮೇಲಿನ ಅಂತಸ್ತು ಹೆಚ್ಚುಕಡಿಮೆ ನೂರು ಮೀಟರಿನಲ್ಲಿದೆ, ಆದರೆ ತಂತಿಬಲೆಯ ಹಿಂದಿನಿಂದ ನೋಡಬೇಕಾಗುತ್ತದೆ, ಮೇಲಾಗಿ ಆ ನಗರದಲ್ಲಿ ನೋಡಲೇಬೇಕಾದ ಕೆಥೆಡ್ರಲ್ ನಮ್ಮ ಕಾಲ ಕೆಳಗಿರುತ್ತದೆ. ಅದನ್ನು ಇಡಿಯಾಗಿ ಕಾಣಲು ರೈನ್ ನದಿಯ ಆಚೆ ದಡದ ಕಲೋನ್ ಟ್ರಯಾಂಗಲ್ ಕಟ್ಟಡದ ಛಾವಣಿಗೆ ಹೋಗಬೇಕು. ಆ ದಡದಲ್ಲಿ ಯೋಜಿಸಿದ್ದ ಎತ್ತರದ ಕಟ್ಟಡಗಳಿಂದ ಕೆಥೆಡ್ರಲ್‌ನ ನೋಟಕ್ಕೆ ಧಕ್ಕೆಯಾಗುತ್ತದೆಂದು ಯುನೆಸ್ಕೋ 2004ರಲ್ಲಿ ಇದನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತ್ತು. ಯೋಜನೆಯನ್ನು ಮೊಟಕುಗೊಳಿಸಿದ ಬಳಿಕ 2006ರಲ್ಲಿ ಪಟ್ಟಿಯಿಂದ ತೆಗೆಯಿತು. ಯೋಜನೆಯಲ್ಲಿ ಮೇಲೆದ್ದ ಆ ಒಂದು ಕಟ್ಟಡವೇ ಇಂದು ಕೆಥೆಡ್ರಲ್ ನೋಡಲು ಅತ್ಯುತ್ತಮ ಜಾಗವಾಗಿದೆ.

ನಿಲ್ಲಬಹುದಾದ ಎತ್ತರವೊಂದನ್ನೇ ಗಣಿಸಿದರೆ ರೊಟ್‌ವೈಲ್ ಎಂಬ ಸಣ್ಣ ಊರಿನ ಹೊರಗಿರುವ ಲಿಫ್ಟ್ ಪರೀಕ್ಷಾ ಗೋಪುರಕ್ಕೆ ಸಾಟಿಯಿಲ್ಲ. 2017ರಲ್ಲಿ ತೆರೆದ ಈ 246 ಮೀಟರಿನ ಗೋಪುರದ ವೀಕ್ಷಣಾ ಅಂತಸ್ತು 232 ಮೀಟರಿನಲ್ಲಿದೆ, ಜರ್ಮನಿಯಲ್ಲಿ ಇದಕ್ಕಿಂತ ಮೇಲೆ ಸಾರ್ವಜನಿಕರು ನಿಲ್ಲುವ ಜಾಗವಿಲ್ಲ. ಒಳಗೆ ಹನ್ನೆರಡು ಲಿಫ್ಟ್ ಬಾವಿಗಳಿವೆ. ಹಗ್ಗವಿಲ್ಲದೆ ಅಯಸ್ಕಾಂತದ ಬಲದಿಂದ ಚಲಿಸುವ ಲಿಫ್ಟನ್ನೂ ಇಲ್ಲಿ ಪರೀಕ್ಷಿಸಿದ್ದಾರೆ. ಹೊರಗೆ ಸುರುಳಿಯಾಗಿ ಸುತ್ತಿರುವ ಬಿಳಿಯ ಬಟ್ಟೆಯಂಥ ಹೊದಿಕೆ ಬರಿಯ ಅಲಂಕಾರವೆಂದು ಮೊದಲ ನೋಟಕ್ಕೆ ಅನ್ನಿಸಬಹುದು, ಆದರೆ ಅದು ಗಾಳಿಯ ಹೊಡೆತವನ್ನು ಒಡೆದು ಗೋಪುರದ ಓಲಾಟವನ್ನು ತಗ್ಗಿಸುತ್ತದೆ, ಕಾಂಕ್ರೀಟಿನ ಒಂದು ಬದಿ ಬಿಸಿಲಿಗೆ ಅತಿಯಾಗಿ ಕಾಯುವುದನ್ನೂ ತಡೆಯುತ್ತದೆ. ಎಂಜಿನಿಯರಿಂಗ್‌ನಲ್ಲಿ ಆಸಕ್ತಿಯಿರುವವರಿಗೆ ಇದು ಹಬ್ಬ. ವಾರಾಂತ್ಯವನ್ನು ಬಿಟ್ಟು ಉಳಿದ ದಿನಗಳಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಸುತ್ತಲೂ ಹೊಲ, ಕಾಡು, ಚಿಕ್ಕ ಊರುಗಳೇ ಇರುವುದರಿಂದ ಅಳತೆಗೆ ಸಿಗುವ ಪರಿಚಿತ ವಸ್ತುವೇನೂ ಕಣ್ಣಿಗೆ ಬೀಳದೆ ಆ 232 ಮೀಟರ್ ಎಷ್ಟೆಂಬುದು ಮನಸ್ಸಿಗೆ ನಾಟುವುದಿಲ್ಲ.

ಸ್ಟುಟ್‌ಗಾರ್ಟಿನ ಟಿವಿ ಗೋಪುರ 216 ಮೀಟರಿನದು, ಬರ್ಲಿನ್ನಿನದಕ್ಕಿಂತ ಎಷ್ಟೋ ಗಿಡ್ಡ. ಆದರೂ ಅಪ್ಪ ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ, ಮತ್ತು ಅದಕ್ಕೆ ಸಕಾರಣವಿದೆ. ಆರಂಭದಲ್ಲಿ ಇಲ್ಲಿ ತಂತಿಗಳಿಂದ ಬಿಗಿದ ಉಕ್ಕಿನ ಕಂಬವನ್ನಷ್ಟೇ ನಿಲ್ಲಿಸುವ ಯೋಚನೆಯಿತ್ತು. ಎಂಜಿನಿಯರ್ ಫ್ರಿಟ್ಸ್ ಲಿಯೋನ್‌ಹಾರ್ಟ್ ಅದರ ಬದಲು ಜನರೂ ಹೋಗಿ ಕೂರಬಹುದಾದ ಕಾಂಕ್ರೀಟಿನ ಗೋಪುರವನ್ನು ಸೂಚಿಸಿದರು. 1956ರಲ್ಲಿ ತೆರೆದ ಇದು ಜಗತ್ತಿನ ಮೊದಲ ಬಲವರ್ಧಿತ ಕಾಂಕ್ರೀಟ್ ಟಿವಿ ಗೋಪುರ. ಪ್ರವೇಶಧನದಿಂದಲೇ ಕೆಲವೇ ವರ್ಷಗಳಲ್ಲಿ ಕಟ್ಟಿದ ಖರ್ಚು ಹುಟ್ಟಿತು, ಹಲವು ದೇಶಗಳ ಟಿವಿ ಗೋಪುರಗಳಿಗೆ ಇದೇ ಮಾದರಿಯಾಯಿತು. ಬೆಟ್ಟದ ನೆತ್ತಿಯ ಮೇಲೆ ನಿಂತಿರುವುದರಿಂದ 150 ಮೀಟರಿನ ಅಂತಸ್ತೂ ಬಟ್ಟಲಿನಂಥ ನಗರದಿಂದ ಬಹಳ ಮೇಲಿದ್ದಂತೆ ತೋರುತ್ತದೆ. ಅಂತಸ್ತು ತೆರೆದದ್ದು, ಇಕ್ಕಟ್ಟಾದದ್ದು. ಗಾಳಿ ಜೋರಾಗಿದ್ದ ದಿನ ಕಂಬಿಯ ಮೇಲೆ ಅಂಗೈಯಿಟ್ಟು ನಿಂತಾಗ ಗೋಪುರ ನಿಧಾನವಾಗಿ ಓಲುವುದು ನನ್ನ ಅನುಭವಕ್ಕೆ ಬಂದಿದೆ. ಅಗ್ನಿ ಸುರಕ್ಷತೆಯ ಕಾರಣಕ್ಕೆ 2013ರಲ್ಲಿ ಮುಚ್ಚಿದ್ದ ಇದನ್ನು ತಿದ್ದುಪಡಿಗಳ ನಂತರ 2016ರಲ್ಲಿ ಮತ್ತೆ ತೆರೆದರು.

ಕಾಲಲ್ಲಿ ಕಸುವಿದ್ದವರಿಗೆ ಮಾತ್ರ ನಾನು ಉಲ್ಮ್ ನಗರದ ಮಿನ್‌ಸ್ಟರ್ ಚರ್ಚನ್ನು ಇದಕ್ಕಿಂತಲೂ ಮೊದಲು ಹೇಳುತ್ತೇನೆ. 1377ರಲ್ಲಿ ಆರಂಭವಾಗಿ 1890ರಲ್ಲಿ ಮುಗಿದ ಇದರ ಶಿಖರ 161.53 ಮೀಟರ್, ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ 2025ರ ಅಕ್ಟೋಬರಿನಲ್ಲಿ ಮೀರಿಸುವವರೆಗೂ ಇದು ಜಗತ್ತಿನ ಅತಿ ಎತ್ತರದ ಚರ್ಚ್ ಆಗಿತ್ತು. ಲಿಫ್ಟ್ ಇಲ್ಲ, 768 ಮೆಟ್ಟಿಲು. ಮೆಟ್ಟಿಲಿನ ಸುತ್ತಲಿನ ಕಲ್ಲು ಜಾಲರಿಯಂತೆ ಕೊರೆದದ್ದಾದ್ದರಿಂದ ಪ್ರತಿ ಸುತ್ತಿನಲ್ಲೂ ಚೌಕದ ಅಂಗಡಿಗಳು ಚಿಕ್ಕದಾಗುತ್ತ ಹೋಗುವುದು ಕಾಣುತ್ತದೆ. ಕೆಳಗಿನಿಂದ ಚುಕ್ಕೆಯಂತಿದ್ದ ಕೆತ್ತನೆ ಕೈಯಳತೆಗೆ ಬಂದಾಗ ಆಳೆತ್ತರದ ಕಲ್ಲಿನ ಹೂವಾಗಿರುತ್ತದೆ. ಕೊನೆಯ ಭಾಗದಲ್ಲಿ ಒಬ್ಬರ ಮೈಯಷ್ಟೇ ಹಿಡಿಸುವ ಸುರುಳಿ ಮೆಟ್ಟಿಲು. 143 ಮೀಟರಿನ ಆ ತುದಿ ಇಲ್ಲಿ ಹೆಸರಿಸಿದ ಹಲವು ಅಂತಸ್ತುಗಳಿಗಿಂತ ಕೆಳಗಿದ್ದರೂ, ನನಗೆ ಎತ್ತರವೆಂದರೇನೆಂದು ಮೈಗೆ ತಿಳಿದದ್ದು ಅಲ್ಲಿ ಮಾತ್ರ.

ದುರಸ್ತಿಯ ಕಾಲದಲ್ಲಿ ಉಲ್ಮ್‌ನ ಮೇಲಿನ ಹಂತವನ್ನು ಮುಚ್ಚಿರುತ್ತಾರೆ, ಆದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. 2022ರ ಡಿಸೆಂಬರಿನಲ್ಲಿ ಹೊಸ ವೇಗದ ರೈಲುಮಾರ್ಗ ತೆರೆದ ಮೇಲೆ ಸ್ಟುಟ್‌ಗಾರ್ಟಿನಿಂದ ಉಲ್ಮ್‌ಗೆ ಒಂದು ಗಂಟೆಯೂ ಬೇಕಾಗಿಲ್ಲ. ಕಾಲು ದಣಿಯುವ ಮೊದಲು, ಬೆಳಿಗ್ಗೆಯೇ ಉಲ್ಮ್ ಹತ್ತಿ, ಸಂಜೆ ಸ್ಟುಟ್‌ಗಾರ್ಟಿನ ಲಿಫ್ಟ್ ಹಿಡಿದರೆ ಎರಡೂ ಒಂದೇ ದಿನದಲ್ಲಿ ಮುಗಿಯುತ್ತವೆ.